ಹಸಿರು ಪಟ್ಟಿಯ ಹುಟ್ಟು

"ಕೆಟ್ಟದು," ಎಂದಳು ನೆವೆನಾ, ಹಸಿರು ಪಟ್ಟಿ ಸುತ್ತಿದ್ದ ಹುಟ್ಟನ್ನು ಹುಲ್ಲಿನ ಮೇಲಿಡುತ್ತ.

"ಅಷ್ಟೇನಾ? ಹಿಡಿತ, ಭಾರ, ಗಟ್ಟಿತನ?" ಓಗ್ನೆನ್ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಿದ.

"ಎಲ್ಲಾ ಕೆಟ್ಟದು. ಬರ್ಕೊಳ್ಳಿ ಮೇಷ್ಟ್ರೇ."

ಸರ್ಬಿಯಾದ ನೋವಿ ಸಾಡ್ ನಗರದ ದೋಣಿ ಕ್ಲಬ್ಬಿನಲ್ಲಿ ನೆವೆನಾ ತರಬೇತಿ ಕೊಡುತ್ತಿದ್ದ ಕಿರಿಯರ ತಂಡಕ್ಕೆ ಹೊಸ ಹುಟ್ಟುಗಳು ಬೇಕಿದ್ದವು. ನಾಲ್ಕು ಮಾದರಿಗಳಲ್ಲಿ ಒಂದನ್ನು ಆರಿಸಿಕೊಡಲು ಇಂಜಿನಿಯರಿಂಗ್ ಕಾಲೇಜಿನಿಂದ ಓಗ್ನೆನ್ ಬಂದಿದ್ದ. ನಾಲ್ಕಕ್ಕೂ ಕಪ್ಪು ಬಣ್ಣ, ಪಟ್ಟಿಯಷ್ಟೇ ಬೇರೆ. ಯಾವುದು ಯಾರು ಮಾಡಿದ್ದೆಂದು ಅವನಿಗೆ ತಿಳಿಯದು. ಕ್ಲಬ್ಬಿನವರು ಒಬ್ಬೊಬ್ಬರಾಗಿ ನಾಲ್ಕನ್ನೂ ಹಾಕಿ ನೋಡಿ ಅಭಿಪ್ರಾಯ ಹೇಳುತ್ತಿದ್ದರು.

"ಹತ್ತಕ್ಕೆ ಇಷ್ಟು ಅಂತ ಅಂಕ ಕೇಳಬಾರದಾ?" ಎಂದಳು ನೆವೆನಾ.

"ಏಳೋ ಎಂಟೋ ಅಂತ ಯಾರಿಗೆ ಗೊತ್ತಾಗುತ್ತೆ? 'ಸುಮಾರು', 'ಚೆನ್ನಾಗಿದೆ', 'ತುಂಬಾ ಚೆನ್ನಾಗಿದೆ' ಅಂದ್ರೆ ಸಾಕು. ಆ ಮಸುಕು ಮಾತನ್ನ ಲೆಕ್ಕಕ್ಕಿಳಿಸೋದೇ ಫಜಿ ವಿಧಾನ."

"ಓಹೋ! ಅದಕ್ಕೇ ನಿಮ್ಮ ಕನ್ನಡಕ ಯಾವಾಗಲೂ ಮಸುಕು!"

ಅವನು ನಗುತ್ತ ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿದ. ಬರಿಗಣ್ಣಲ್ಲಿ ಅವನು ಹುಡುಗನಂತೆ ಕಂಡ. ನೆವೆನಾ ತಟ್ಟನೆ ಡ್ಯಾನ್ಯೂಬ್ ನದಿಯತ್ತ ತಿರುಗಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಆಮೇಲಾಮೇಲೆ ಪರೀಕ್ಷೆ ಇಲ್ಲದ ದಿನವೂ ಓಗ್ನೆನ್ ಬರತೊಡಗಿದ. ಒಮ್ಮೆ ಚಾರ್ಜರ್ ಮರೆತೆನೆಂದ. ಇನ್ನೊಮ್ಮೆ ಗಾಳಿ ಹೇಗಿದೆ ನೋಡಬೇಕೆಂದ. ಕೈಯಲ್ಲಿ ಮಾತ್ರ ಇಬ್ಬರಿಗಾಗುವಷ್ಟು ಚೀಸ್ ತುಂಬಿದ ಬಿಸಿ ಬುರೆಕ್, ಮೊಸರು. ಮೆಟ್ಟಿಲ ಮೇಲೆ ಕೂತು ತಿನ್ನುತ್ತ ಇಬ್ಬರೂ ಹೊತ್ತು ಮರೆಯುತ್ತಿದ್ದರು.

ಶನಿವಾರ ಅವನು ಸಪ್ಪಗಿದ್ದ.

"ಎಲ್ಲರೂ ಹೊಗಳಿದ ಹಸಿರು ಹುಟ್ಟು ನಿಮ್ಮೊಬ್ಬರಿಂದ ಎರಡನೇ ಸ್ಥಾನಕ್ಕೆ ಬಿದ್ದಿದೆ. ಆದರೆ ಒಬ್ಬರೇ ನೀರಿಗಿಳಿಯುವಾಗ ನೀವು ಹಿಡಿಯೋದು ಅದನ್ನೇ. ಯಾಕೆ?"

ನೆವೆನಾ ತಲೆ ತಗ್ಗಿಸಿದಳು. "ಅದು ನಾನೇ ಮಾಡಿದ್ದು. ಎರಡು ಚಳಿಗಾಲ ಕೊರೆದು, ಮುರಿದು, ಮತ್ತೆ ಕೊರೆದು... ಕ್ಲಬ್ಬಿನ ಅಧ್ಯಕ್ಷರಿಗೆ ಮಾತ್ರ ಗೊತ್ತು. ನನ್ನದನ್ನ ನಾನೇ ಹೊಗಳಿದ್ರೆ ಅನ್ಯಾಯ ಅಲ್ವಾ?"

"ತೆಗಳಿದ್ರೆ ನ್ಯಾಯಾನಾ? ಅದೂ ಸುಳ್ಳೇ. ಪಾಪ, ಆ ಮಕ್ಕಳಿಗೆ ಒಳ್ಳೇ ಹುಟ್ಟು ತಪ್ಪಿಹೋಗ್ತಿತ್ತು."

ಅವಳ ಕಣ್ಣು ತುಂಬಿತು. ನಾಲ್ಕೂ ಹುಟ್ಟುಗಳ ಬಗ್ಗೆ ಅವಳು ಹೇಳಿದ್ದನ್ನೆಲ್ಲ ಅವನು ಅವಳೆದುರೇ ಅಳಿಸಿ, ಮತ್ತೆ ಲೆಕ್ಕ ಹಾಕಿಸಿದ. ಹಸಿರು ಸಾಲು ಮೇಲೇರಿ ಮೊದಲ ಸ್ಥಾನದಲ್ಲಿ ನಿಂತಿತು. ನೆವೆನಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ಓರೆಗಣ್ಣಲ್ಲಿ ನೋಡುತ್ತ ಕೇಳಿದಳು: "ನನ್ನ ಹುಟ್ಟನ್ನ ಅಷ್ಟೊಂದು ಗಮನಿಸಿದ್ರಾ?"

"ಹುಟ್ಟನ್ನಲ್ಲ," ಎಂದ ಓಗ್ನೆನ್. ಕಿವಿಯೆರಡೂ ಕೆಂಪಾದವು.

ಅವಳು ಅವನ ಕೈ ಹಿಡಿದೆಳೆದು ಜೋಡಿ ದೋಣಿಯ ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಹಿಂದೆ ಕೂತಳು. ಮೂರು ಬಾರಿ ಹುಟ್ಟು ಹಾಕುವಷ್ಟರಲ್ಲಿ ಅವನು ಹೇಳಬೇಕೆಂದುದನ್ನು ಹೇಳಲು ಹಿಂದಕ್ಕೆ ತಿರುಗಿದ. ದೋಣಿ ಬುಡಮೇಲಾಯಿತು.

ಎದೆಮಟ್ಟದ ನೀರಲ್ಲಿ ಇಬ್ಬರೂ ಕೆಮ್ಮುತ್ತ, ನಗುತ್ತ ಎದ್ದು ನಿಂತರು. ದಡದಲ್ಲಿ ಕಿರಿಯರು ಶಿಳ್ಳೆ ಹೊಡೆದರು.

"ನೆವೆನಾ, ನೀವು ನನಗೆ..."

"ಇನ್ನೂ ನೀವಾ?" ಅವಳು ಅವನ ಒದ್ದೆ ಕಾಲರ್ ಹಿಡಿದೆಳೆದಳು. "ನೀನು ಅನ್ನೋ."

"ನೀನು," ಎಂದ ಅವನು. ಮುಂದಿನ ಮಾತಿಗೆ ಅವಳು ಬಿಡುವೇ ಕೊಡಲಿಲ್ಲ.