ಆ ಲಾರಿಗೆ ಎಲ್ಲರೂ ಗುದ್ದುತ್ತಾರೆ

ಗಾಜು ಒಡೆಯಲಿಲ್ಲ. ರಕ್ತ ಬರಲಿಲ್ಲ. ಆದರೂ ಕಾರಿನೊಳಗೆ ಕೂತಿದ್ದವನ ಎರಡೂ ಕೈ ಸ್ಟೀರಿಂಗಿಗೆ ಅಂಟಿಕೊಂಡು ಬಿಟ್ಟಿದ್ದವು.

ಹಲೀನಾ ಓಡಿ ಬಂದು ಬಾಗಿಲು ತೆಗೆದಳು.

"ವರ್ನನ್... ಮುಗೀತು. ಇಳೀಬಹುದು ನೀವು."

ಅವನು ಇಳಿಯಲಿಲ್ಲ. ಎದುರಿನ ಬಿಳಿ ಗೋಡೆಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮುಂಚೆ ಆ ಗೋಡೆಯ ಮೇಲೆ ರಸ್ತೆ ಇತ್ತು, ಮರಗಳಿದ್ದವು, ಮುಂದೆ ಒಂದು ಲಾರಿ ಇತ್ತು.

"ಇದು ನನ್ನ ಬಸ್ಸಾಗಿದ್ದಿದ್ರೆ?" ಎಂದ. "ಹಿಂದೆ ಮಕ್ಕಳು ಕೂತಿದ್ದಿದ್ರೆ..."

ಅಮೆರಿಕದ ಡೆಟ್ರಾಯಿಟ್ ಪಕ್ಕದ ಆ ಪ್ರಯೋಗಶಾಲೆಗೆ ಹಲೀನಾ ವೊಯ್ತಾಸ್ ಸೇರಿ ಬಹಳ ವರ್ಷವಾಗಿತ್ತು. ದೊಡ್ಡ ಕೋಣೆಯ ನಡುವೆ ಇಂಜಿನ್ ಇಲ್ಲದ ಒಂದು ಕಾರು. ಸುತ್ತಲ ಗೋಡೆಗಳ ಮೇಲೆ ಓಡುವ ನಕಲಿ ರಸ್ತೆ. ಈಗಿನ ಕಾರುಗಳಲ್ಲಿ ಗುಂಡಿ ತಿರುಪುವ ಕಾಲ ಹೋಯಿತಲ್ಲ, ಎಲ್ಲದಕ್ಕೂ ಒಂದು ಪರದೆ. ಆ ಪರದೆ ಒತ್ತುವಾಗ ಓಡಿಸುವವರ ಕಣ್ಣು ರಸ್ತೆ ಬಿಟ್ಟು ಎಷ್ಟು ಹೊತ್ತು ಇರುತ್ತದೆ ಎಂದು ಅಳೆಯುವುದೇ ಅವಳ ಕೆಲಸ. ಊರಿನವರು ಯಾರು ಬೇಕಾದರೂ ಬಂದು ಓಡಿಸಬಹುದಿತ್ತು.

ಬಂದವರಿಗೆಲ್ಲ ಮೊದಲು ಹೇಳುವ ಮಾತೊಂದಿತ್ತು: ಪರೀಕ್ಷೆ ನಿಮಗಲ್ಲ, ಪರದೆಗೆ.

ಕೊನೆಗೆ ಹೇಳುವ ಮಾತೂ ಒಂದಿತ್ತು. ಅದನ್ನು ಮೊದಲೇ ಹೇಳಿದರೆ ಪ್ರಯೋಗ ಕೆಡುತ್ತದೆ. ಕೊನೆಗೂ ಹೇಳದಿದ್ದರೆ ಮನುಷ್ಯ ಕೆಡುತ್ತಾನೆ. ಆದ್ದರಿಂದ ಓಡಿಸಿದವರನ್ನು ಕೂರಿಸಿ, ಕಾಫಿ ಕೊಟ್ಟು, ಮುಚ್ಚಿಟ್ಟಿದ್ದನ್ನು ಬಿಚ್ಚಿ ಹೇಳಿಯೇ ಕಳುಹಿಸಬೇಕು. ಅಲ್ಲಿ ಅದಕ್ಕಿಂತ ದೊಡ್ಡ ನಿಯಮವಿರಲಿಲ್ಲ.

ಆವತ್ತು ಅವಳು ಕೂರಿಸಲಿಲ್ಲ.

ಕಾರಿನ ಪಕ್ಕ ಮಂಡಿಯೂರಿ ಅವನ ಕೈಯನ್ನು ಸ್ಟೀರಿಂಗಿನಿಂದ ಮೆಲ್ಲಗೆ ಬಿಡಿಸಿದಳು. ತಣ್ಣಗಿತ್ತು ಆ ಕೈ. ಹಿಡಿದುಕೊಂಡಳು. ಹಿಡಿದುಕೊಂಡೇ ಇದ್ದಳು.

ಬೆಳಿಗ್ಗೆ ಅವನು ಬಂದಾಗ ಎಷ್ಟು ನಗಿಸಿದ್ದ. "ನಾನು ಇಪ್ಸಿಲ್ಯಾಂಟಿ ಊರಿನ ಸ್ಕೂಲ್ ಬಸ್ ಓಡಿಸೋನು ಕಣ್ರೀ. ಹಿಂದೆ ಐವತ್ತು ಮಂಗಗಳು ಕಿರುಚ್ತಾ ಇರ್ತವೆ. ನಿಮ್ಮ ಪರದೆ ನನ್ನನ್ನ ಏನು ಮಾಡುತ್ತೆ?" ಕಣ್ಣಿನ ಚಲನೆ ಹಿಡಿಯುವ ಕನ್ನಡಕವನ್ನು ಅವಳು ತೊಡಿಸುವಾಗ ಉಸಿರು ಬಿಗಿಹಿಡಿದು ಕೂತಿದ್ದ. ಅವಳೂ ಬಿಗಿಹಿಡಿದಿದ್ದಳು.

'ಇದೇನು ಮಾಡ್ತಿದ್ದೀನಿ ನಾನು? ಪ್ರಯೋಗಕ್ಕೆ ಬಂದ ಮನುಷ್ಯನ ಕೈ...'

ಹಿಂದೆ ಬಾಗಿಲು ತಟ್ಟಿದ ಸದ್ದು. ಮುಂದಿನ ಸರದಿಯವರು ಬಂದಿದ್ದರು. ಹಲೀನಾ ಬೆಂಕಿ ಮುಟ್ಟಿದವಳಂತೆ ಕೈ ಕೊಡವಿ ಎದ್ದಳು. ಮುಖ ಕಿವಿಯ ತನಕ ಕೆಂಪಾಗಿತ್ತು. ಅದನ್ನು ಮರೆಮಾಚಲು ಗೋಡೆಯ ಕಡೆ ತಿರುಗಿ, ಯಾರದೋ ದನಿಯಲ್ಲಿ ಹೇಳಿದಳು:

"ಆಯ್ತು. ನೀವಿನ್ನು ಹೊರಡಿ."

ಅವನು ಟೋಪಿ ಕೈಯಲ್ಲಿ ಹಿಡಿದು ಹೊರಟುಹೋದ. ಹೋಗುವಾಗ ಏನೋ ಕೇಳಲು ತಿರುಗಿದ. ಅವಳು ನೋಡಲಿಲ್ಲ.

ಸಂಜೆ ನೆನಪಾಯಿತು. ಹೇಳಬೇಕಾದ ಮಾತು ಹೇಳಿಲ್ಲ!

ನಾಳೆ ಫೋನ್ ಮಾಡಿದರಾಯಿತು ಎಂದುಕೊಂಡಳು. ಮಾರನೇ ದಿನ ಫೋನ್ ಎತ್ತಿಕೊಂಡವಳು ನಂಬರ್ ಒತ್ತುವ ಮೊದಲೇ ತಡೆದಳು. 'ಈ ಫೋನ್ ಕೆಲಸದ್ದಾ? ಅಥವಾ ಅವನ ದನಿ ಕೇಳೋ ನೆಪಾನಾ?' ಉತ್ತರ ಗೊತ್ತಿತ್ತು. ಕೆಳಗಿಟ್ಟಳು. ಆಮೇಲೆ ದಿನ ಕಳೆದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎನ್ನುವ ಇನ್ನೊಂದು ನಾಚಿಕೆ ಮೊದಲಿನದರ ಮೇಲೆ ಕೂತಿತು. ಒಂದರ ಮೇಲೊಂದು, ಅಲ್ಲಿಯ ರಸ್ತೆಬದಿಯ ಹಿಮದ ಹಾಗೆ.

ಅವನನ್ನು ಮರೆಯುವ ಹಾಗೂ ಇರಲಿಲ್ಲ. ಓಡಿಸಿದವರ ವಿಡಿಯೋವನ್ನು ಚಿತ್ರ ಚಿತ್ರವಾಗಿ ನಿಲ್ಲಿಸಿ, ಕಣ್ಣು ಎಲ್ಲೆಲ್ಲಿ ಹೋಯಿತೆಂದು ಗುರುತು ಹಾಕುವುದು ಅವಳ ಪಾಲಿನ ಕೆಲಸ. ರಸ್ತೆ. ಪರದೆ. ರಸ್ತೆ. ಪರದೆ. ಹೀಗೆ ನೋಡುತ್ತಾ ಲಾರಿ ನಿಲ್ಲುವ ಜಾಗಕ್ಕೆ ಬಂದಳು. ಎಲ್ಲರ ಕಣ್ಣೂ ಅಲ್ಲಿ ಲಾರಿಗೆ ಅಂಟುತ್ತದೆ. ಆದರೆ ವರ್ನನ್‌ನ ಕಾಲು ಬ್ರೇಕಿನ ಮೇಲೆ ಬಿದ್ದದ್ದೇ, ಅವನ ಕಣ್ಣು ಮೇಲಕ್ಕೆ ಹಾರಿತ್ತು. ಹಿಂದಿನದನ್ನು ತೋರಿಸುವ ಕನ್ನಡಿಗೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಮಕ್ಕಳನ್ನು ನೋಡಿದ್ದ.

ಹಲೀನಾ ಆ ಚಿತ್ರವನ್ನು ನಿಲ್ಲಿಸಿ, ಕೋಣೆಯಲ್ಲಿ ಒಬ್ಬಳೇ ಕೂತು ಅತ್ತಳು. ಆಗಲೂ ಫೋನ್ ಮಾಡಲಿಲ್ಲ.

ಫೆಬ್ರವರಿಯಲ್ಲಿ ಒಬ್ಬ ಹೆಂಗಸು ಓಡಿಸಲು ಬಂದಳು. ದಪ್ಪ ಕೋಟು, ದೊಡ್ಡ ದನಿ. ಹೆಸರು ಒಡೆಸ್ಸಾ.

"ನೋಡಮ್ಮಾ, ನಾನು ಮುದುಕರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ವ್ಯಾನ್ ಓಡಿಸ್ತೀನಿ. ಇಷ್ಟು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ. ತಿಳ್ಕೋ."

ಹಲೀನಾ ನಕ್ಕಳು. ಕನ್ನಡಕ ತೊಡಿಸಿದಳು. ನಕಲಿ ರಸ್ತೆ ಓಡತೊಡಗಿತು. ಮೈಕಿನಲ್ಲಿ, "ಒಳಗೆ ಸ್ವಲ್ಪ ಬೆಚ್ಚಗೆ ಮಾಡ್ಕೊಳ್ಳಿ" ಎಂದಳು. ಒಡೆಸ್ಸಾ ಪರದೆ ಒತ್ತಿದಳು. ಅದು ಯೋಚಿಸುತ್ತಾ ಕೂತಿತು. ಮತ್ತೆ ಒತ್ತಿದಳು...

ಲಾರಿಯ ಕೆಂಪು ದೀಪ. ದಡ್ ಎಂಬ ಶಬ್ದ.

ಆಮೇಲೆ ಆ ಕಾರಿನೊಳಗಿಂದ ಬಂದ ಬೈಗುಳಗಳನ್ನು ಬರೆಯುವ ಹಾಗಿಲ್ಲ.

ಹಲೀನಾ ಅವಳನ್ನು ಕೂರಿಸಿ ಕಾಫಿ ಕೊಟ್ಟಳು. ವರ್ನನ್ ಹೋದ ದಿನದಿಂದ ಯಾರನ್ನೂ ಹಾಗೇ ಬಿಡುತ್ತಿರಲಿಲ್ಲ.

"ನಿಮ್ಮ ತಪ್ಪಿಲ್ಲ. ಆ ಪರದೆ ಬೇಕಂತಲೇ ನಿಧಾನ ಮಾಡಿರೋದು. ನಿಮ್ಮ ಕಣ್ಣು ಕೆಳಗಿಳಿದ ಕ್ಷಣ ಲಾರಿ ನಿಲ್ಲೋ ಹಾಗೆ ನಾವೇ ಇಟ್ಟಿದೀವಿ. ಕೆಟ್ಟ ಪರದೆ ಎಷ್ಟು ಅಪಾಯ ಅಂತ ತೋರಿಸೋಕೆ. ಆ ಲಾರಿಗೆ ಎಲ್ಲರೂ ಗುದ್ದುತ್ತಾರೆ."

"ಎಲ್ಲರೂನಾ?"

"ನಾನೂ ಗುದ್ದಿದೀನಿ. ಅದು ಬರುತ್ತೆ ಅಂತ ಗೊತ್ತಿದ್ದೂ."

ಒಡೆಸ್ಸಾ ಕಾಫಿ ಬಟ್ಟಲನ್ನು ಕೆಳಗಿಟ್ಟಳು.

"ಈ ಮಾತು ಬಂದೋರಿಗೆಲ್ಲ ಹೇಳ್ತೀಯ?"

"ಹೇಳಲೇಬೇಕು."

"ನನ್ನ ತಮ್ಮನಿಗೂ ಹೇಳಿದ್ಯಾ? ವರ್ನನ್ ಟಿಲ್ಮನ್."

ಹಲೀನಾ ಕುರ್ಚಿಯ ಹಿಂಬದಿ ಹಿಡಿದುಕೊಂಡಳು.

"ಇಲ್ಲಿಂದ ಬಂದ ಮಾರನೇ ದಿನ ಬಸ್ಸಿನ ಕೀಲಿ ವಾಪಸ್ ಕೊಟ್ಟ. ಮಕ್ಕಳನ್ನ ಕೂರಿಸ್ಕೊಳ್ಳೋ ಯೋಗ್ಯತೆ ನನಗಿಲ್ಲ ಅಂದ. ಸ್ವಂತ ಗಾಡೀನೂ ಮುಟ್ಟಿಲ್ಲ. ಈ ಚಳೀಲಿ ನಡ್ಕೊಂಡು ಹೋಗಿ ಬಸ್ ಗುಡಿಸ್ತಾನೆ ಈಗ. ಓಡಿಸ್ತಿದ್ದ ಬಸ್ಸನ್ನೇ ಗುಡಿಸ್ತಾನೆ. ಗಂಡಸರಿಗೆ ಇಲ್ಲಿ ಏನು ಮಾಡಿ ಕಳಿಸ್ತೀರಿ ಅಂತ ನೋಡೋಕೆ ಬಂದೆ ನಾನು."

"ನಾನು... ನಾನು ಹೇಳಲಿಲ್ಲ."

"ಯಾಕೆ?"

ಹಲೀನಾ ತಲೆ ತಗ್ಗಿಸಿದಳು. ಒಡೆಸ್ಸಾ ಅವಳನ್ನು ಬಹಳ ಹೊತ್ತು ನೋಡಿದಳು. ಏನು ಕಂಡಿತೋ, ದನಿ ಸ್ವಲ್ಪ ಇಳಿಯಿತು.

"ನಾನು ಹೋಗಿ ಹೇಳಿದ್ರೆ ಅಕ್ಕ ಸಮಾಧಾನ ಮಾಡ್ತಿದಾಳೆ ಅಂದ್ಕೋತಾನೆ. ನೀನೇ ಹೋಗು. ಅವನ ಮುಖ ನೋಡ್ಕೊಂಡು ಹೇಳು."

ಬಸ್ಸುಗಳ ಅಂಗಳದಲ್ಲಿ ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಕೊನೆಯದರ ಬಾಗಿಲು ತೆರೆದಿತ್ತು. ಹಲೀನಾ ಮೆಟ್ಟಿಲ ಮೇಲೆ ನಿಂತಳು. ಒಳಗೆ ವರ್ನನ್ ಬಗ್ಗಿ, ಸೀಟಿನ ಕೆಳಗಿಂದ ಯಾವುದೋ ಮಗುವಿನ ಕೈಗವಸು ಎತ್ತುತ್ತಿದ್ದ. ಸೊರಗಿದ್ದ.

ಅವಳನ್ನು ಕಂಡು ನೆಟ್ಟಗಾದ. ನಗಲಿಲ್ಲ.

"ನೀವಾ."

"ಒಂದು ಮಾತು ಹೇಳೋದಿತ್ತು. ಆವತ್ತೇ ಹೇಳ್ಬೇಕಿತ್ತು."

ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಪರದೆ, ಲಾರಿ, ಬೇಕೆಂದೇ ಮಾಡಿದ ಮೋಸ. ಅವನ ಕಣ್ಣು ಕನ್ನಡಿಗೆ ಹಾರಿದ್ದು. "ಅಷ್ಟೊಂದು ಜನರಲ್ಲಿ ಹಿಂದಿನ ಸೀಟಿನ ಕಡೆ ನೋಡಿದ್ದು ನೀವೊಬ್ಬರೇ," ಎಂದಳು.

ವರ್ನನ್ ಮಕ್ಕಳ ಸೀಟಿನ ಮೇಲೆ ಕುಸಿದು ಕೂತ. ಕೈಗವಸನ್ನು ತಿರುಗಿಸುತ್ತಾ ಇದ್ದ.

"ನಿಮಗೆ ಗೊತ್ತಿತ್ತು."

"ಹೂಂ."

"ಚಳಿಗಾಲ ಪೂರ್ತಿ ಗೊತ್ತಿತ್ತು."

"ಗೊತ್ತಿತ್ತು. ಆದ್ರೆ ನೀವು ಬಸ್ ಓಡಿಸೋದು ಬಿಟ್ಟಿದ್ದು ಗೊತ್ತಿರಲಿಲ್ಲ... ಅದು ನೆಪ ಅಲ್ಲ. ವಿಚಾರಿಸಬೇಕಿತ್ತು ನಾನು."

"ಆವತ್ತು ನನ್ನ ಕೈ ಕೊಡವಿ ಎದ್ದಿರಲ್ಲ," ಎಂದ ಅವನು ನೆಲ ನೋಡುತ್ತಾ. "ಅಸಹ್ಯ ಆದೋರ ಹಾಗೆ. ನನ್ನ ಮುಖಾನೂ ನೋಡಲಿಲ್ಲ. ಇವರು ದಿನಾ ಓಡಿಸೋರನ್ನ ನೋಡೋರು. ಇವರಿಗೇ ಹೀಗನ್ನಿಸಿದ್ರೆ, ನಾನು ಮಕ್ಕಳ ಹತ್ರ ಹೋಗೋದು ಬೇಡ ಅಂದ್ಕೊಂಡೆ. ಗುದ್ದಿದ್ದಕ್ಕಿಂತ ಅದು ಜಾಸ್ತಿ ಚುಚ್ಚಿತ್ತು."

ಹಲೀನಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಸಹ್ಯವೇ? ಅದು ಅಸಹ್ಯವಾಗಿ ಕಂಡಿತೇ ಅವನಿಗೆ?

"ಅದು ಹಾಗಲ್ಲ..."

"ಮತ್ತೆ ಹೇಗೆ?"

ಇಷ್ಟು ಕೆಡಿಸಿದ ಮೇಲೆ, ನನಗೆ ನೀನು ಇಷ್ಟವಾಗಿದ್ದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

"ಇಳೀರಿ," ಎಂದ ವರ್ನನ್. ಕೂಗಲಿಲ್ಲ. "ದಯವಿಟ್ಟು ಬಸ್ಸಿಂದ ಇಳೀರಿ."

ಇಳಿದಳು.

ಮಾರನೇ ದಿನ ಪ್ರಯೋಗಶಾಲೆಯ ಮುಖ್ಯಸ್ಥೆಯ ಮುಂದೆ ನಿಂತು ತನ್ನ ತಪ್ಪನ್ನು ತಾನೇ ಹೇಳಿಕೊಂಡಳು. ಅವರು ಬಯ್ಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಜನರನ್ನು ಕೂರಿಸುವ ಕೆಲಸದಿಂದ ಅವಳನ್ನು ತೆಗೆದರು. ವರ್ನನ್‌ನನ್ನು ಅವರೇ ಕರೆಸಿ, ಕ್ಷಮೆ ಕೇಳಿ, ಎಲ್ಲವನ್ನೂ ಮತ್ತೆ ವಿವರಿಸಿದರಂತೆ. ಹಲೀನಾ ಆವತ್ತು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಹಜಾರದಲ್ಲಿ ಅವನ ಬೂಟಿನ ಸದ್ದು ಹತ್ತಿರ ಬಂತು, ಒಂದು ಗಳಿಗೆ ನಿಂತಿತು, ಹೋಯಿತು.

ಹಿಮ ಕರಗಿ ರಸ್ತೆಬದಿಯಲ್ಲಿ ಕೊಚ್ಚೆ ಹರಿಯುವ ಕಾಲ ಬಂತು. ಒಂದು ಮಧ್ಯಾಹ್ನ ಹಲೀನಾ ಕೆಲಸ ಮುಗಿಸಿ ಹೊರಬಂದರೆ, ಅಂಗಳದಲ್ಲಿ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ಹಿಡಿದ ಒಂದು ಹಳೇ ಪಿಕಪ್ ಗಾಡಿ. ಓಡಿಸುವ ಜಾಗದಿಂದ ಒಡೆಸ್ಸಾ ಇಳಿದಳು. ಪಕ್ಕದ ಬಾಗಿಲಿಂದ ವರ್ನನ್ ಇಳಿದ.

"ತಗೋ, ಬಂದ್ಳು," ಎಂದಳು ಒಡೆಸ್ಸಾ ತಮ್ಮನಿಗೆ. "ಈಗ ಬಾಯಿ ಬಿಡು. ದಾರಿಯುದ್ದಕ್ಕೂ ನನ್ನ ಹತ್ರ ಅಭ್ಯಾಸ ಮಾಡಿದ್ಯಲ್ಲ."

"ನೀನು ಸುಮ್ನಿರಕ್ಕಾ."

"ಸುಮ್ನೇ ಇದೀನಪ್ಪ. ಎದುರುಗಡೆ ಹೋಟೆಲಲ್ಲಿ ಕೂತು ಸೂಪ್ ಕುಡೀತಾ ಸುಮ್ನಿರ್ತೀನಿ." ಅವಳು ಹೊರಟೇಬಿಟ್ಟಳು.

ವರ್ನನ್ ಬೂಟಿನ ತುದಿಯಿಂದ ಕೊಚ್ಚೆ ಕೆದಕಿದ.

"ಸೋಮವಾರ ಬಸ್ ಓಡಿಸೋಕೆ ನನಗೆ ಮತ್ತೆ ಪರೀಕ್ಷೆ ಇದೆ. ಅದಕ್ಕೂ ಮುಂಚೆ ಒಂದ್ಸಲ ಓಡಿಸಿ ನೋಡ್ಬೇಕು. ಅಕ್ಕ ಪಕ್ಕದಲ್ಲಿ ಕೂತ್ರೆ ಬಾಯಿ ಮುಚ್ಚಲ್ಲ." ತಡೆದು ಹೇಳಿದ, "ನೀವು ಕೂತ್ಕೋತೀರಾ?"

"ನನ್ನ ಮೇಲೆ ಕೋಪ ಇಲ್ವಾ?"

"ಇದೆ. ಕೋಪ ಇದ್ರೂ ಗಾಡಿ ಓಡುತ್ತೆ ಅನ್ಸುತ್ತೆ."

ಅವಳು ಹತ್ತಿದಳು. ಅವನು ಓಡಿಸುವ ಜಾಗದಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಕೀಲಿಯನ್ನು ಎರಡು ಸಲ ತಿರುಗಿಸಿದ. ಗಾಡಿ ಕೆಮ್ಮಿ ಎದ್ದಿತು.

ಮೊದಲ ತಿರುವಿನಲ್ಲಿ ಅವನ ಹಣೆಯಲ್ಲಿ ಬೆವರು. ದೊಡ್ಡ ರಸ್ತೆಗೆ ಬಂದಾಗ ಮುಂದೆ ಒಂದು ಲಾರಿ ಸಿಕ್ಕಿತು. ನಿಜವಾದ ಲಾರಿ. ಸಿಗ್ನಲಿನಲ್ಲಿ ಅದರ ಕೆಂಪು ದೀಪ ಹೊತ್ತಿತು. ಹಲೀನಾ ಸೀಟಿನ ಅಂಚು ಹಿಡಿದಳು.

ಪಿಕಪ್ ಮೆಲ್ಲಗೆ, ಬೇಕಾದಷ್ಟು ಜಾಗ ಬಿಟ್ಟು ನಿಂತಿತು.

ಲಾರಿ ಹೊರಟಿತು. ಅವರೂ ಹೊರಟರು. ಸ್ವಲ್ಪ ದೂರ ಹೋದ ಮೇಲೆ ವರ್ನನ್ ರಸ್ತೆ ನೋಡುತ್ತಲೇ ಕೇಳಿದ:

"ಬಸ್ಸಲ್ಲಿ ಏನೋ ಹೇಳೋಕೆ ಬಂದು ನಿಲ್ಸಿದ್ರಿ. ಅದು ಹಾಗಲ್ಲ ಅಂದ್ರಿ. ಮತ್ತೆ ಹೇಗೆ?"

"ಓಡಿಸ್ತಿರೋರ ಹತ್ರ ಹೇಳೋ ಮಾತಲ್ಲ ಅದು."

"ಅಷ್ಟು ಅಪಾಯದ್ದಾ?"

"ನನ್ನ ಕೆಲಸಾನೇ ಅದಲ್ವಾ. ಯಾವುದು ಅಪಾಯ ಅಂತ ನನಗೆ ಗೊತ್ತು."

ಅವನ ತುಟಿಯ ಒಂದು ಮೂಲೆ ಅಲುಗಿತು. ಇಂಡಿಕೇಟರ್ ಹಾಕಿ, ಒಂದು ಚರ್ಚಿನ ಖಾಲಿ ಅಂಗಳಕ್ಕೆ ತಿರುಗಿಸಿದ. ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದ. ಕೀಲಿ ತೆಗೆದು ಮುಂದಿನ ಹಲಗೆಯ ಮೇಲಿಟ್ಟ.

"ಈಗ ಹೇಳಿ."

ಹಲೀನಾ ತನ್ನ ಕೈಗಳನ್ನೇ ನೋಡುತ್ತಾ ಹೇಳಿದಳು.

"ಅಸಹ್ಯ ಆಗಿ ಕೈ ಬಿಡಲಿಲ್ಲ. ಬಿಡೋಕೆ ಮನಸ್ಸಿರಲಿಲ್ಲ, ಅದಕ್ಕೇ ಹಾಗೆ ಬಿಟ್ಟೆ. ಯಾರೋ ನೋಡಿದ್ರು ಅಂತ ನಾಚಿಕೆ ಆಯ್ತು. ಆಮೇಲೆ ಫೋನ್ ಮಾಡ್ಲಿಲ್ಲ... ನಿಮ್ಮ ದನಿ ಕೇಳೋ ಆಸೆ ಇತ್ತು. ಆ ಆಸೆಗೇ ಹೆದರಿದೆ. ನನ್ನ ಮಾನ ಉಳಿಸ್ಕೊಳ್ಳೋಕೆ ಹೋಗಿ ನಿಮ್ಮ ಚಳಿಗಾಲ ತಿಂದುಬಿಟ್ಟೆ, ವರ್ನನ್."

ಹೊರಗೆ ಚರ್ಚಿನ ಮಾಡಿನಿಂದ ಹಿಮದ ನೀರು ತೊಟ್ಟಿಕ್ಕುತ್ತಿತ್ತು.

"ಆವತ್ತು ಬಾಗಿಲ ಹತ್ರ ತಿರುಗಿ ನಿಂತಿದ್ದೆ, ನೀವು ನೋಡಲಿಲ್ಲ," ಎಂದ ಕೊನೆಗೆ. "ಒಟ್ಟಿಗೆ ಎಲ್ಲಾದ್ರೂ ಊಟಕ್ಕೆ ಹೋಗೋಣ್ವಾ ಅಂತ ಕೇಳೋಣ ಅಂತಿದ್ದೆ. ಅಷ್ಟು ಆದ ಮೇಲೂ. ಎಂಥ ಮನುಷ್ಯ ನಾನು ಅಂತ ನಡೆಯುವಾಗೆಲ್ಲ ನಾಚಿಕೆ ಆಗ್ತಿತ್ತು."

ಅವಳು ತಲೆ ಎತ್ತಿದಳು.

"ಈಗ್ಲೂ ಆಗ್ತಿದ್ಯಾ?"

"ಹೂಂ. ನಿನಗೆ?"

"ತುಂಬಾ."

"ಹಾಗಾದ್ರೆ ಸ್ವಲ್ಪ ಹೊತ್ತು ಇಲ್ಲೇ ಕೂತಿರೋಣ," ಎಂದು ಅವನು ಅಂಗೈ ಬಿಚ್ಚಿ ಇಬ್ಬರ ನಡುವೆ ಸೀಟಿನ ಮೇಲಿಟ್ಟ.

ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಈ ಸಲ ಎಳೆದುಕೊಳ್ಳಲಿಲ್ಲ.

"ಒಡೆಸ್ಸಾ ಕಾಯ್ತಿರ್ತಾರೆ," ಎಂದಳು ಮೆಲ್ಲಗೆ.

"ಕಾಯ್ಲಿ ಬಿಡು. ಇನ್ನೊಂದು ಬಟ್ಟಲು ಸೂಪ್ ಕುಡೀತಾಳೆ."