ಬಿಸಿಗಾಳಿಯಲ್ಲೊಂದು ಕೆಂಪು ಕೋಟು

"ಈ ಸೆಕೇಲಿ ಉಣ್ಣೆ ಕೋಟಾ? ತಲೆ ಕೆಟ್ಟಿದೆಯಾ ನಿಮಗೆ?"

ಮಾತು ಬಾಯಿಂದ ಜಾರಿದ ಮೇಲೆಯೇ ಒರ್ನೆಲ್ಲಾ ತಲೆಯೆತ್ತಿ ಮುಖ ನೋಡಿದ್ದು.

ತುಲ್ಲಿಯೊ... ಆರು ತಿಂಗಳಿಂದ ಬಟ್ಟೆ ಕೊಟ್ಟು ಹೋಗುವಾಗಲೂ ಅವಳತ್ತ ಕಣ್ಣೆತ್ತಿ ನೋಡದ ತುಲ್ಲಿಯೊ, ಅವಳ ಲಾಂಡ್ರಿಯ ಬಾಗಿಲಲ್ಲಿ ಬೆವರುತ್ತ ನಿಂತಿದ್ದ.

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಆದರೂ ಆಫ್ರಿಕಾದ ಕಡೆಯಿಂದ ಧೂಳು ಹೊತ್ತ ಬಿಸಿಗಾಳಿ ಬೀಸಿ, ಇಟಲಿಯ ದಕ್ಷಿಣದ ಪಲೆರ್ಮೊ ಊರಿಗೆ ಊರೇ ಕಿಟಕಿ ಮುಚ್ಚಿಕೊಂಡು ಕೂತಿತ್ತು.

"ಸೂಟ್‌ಕೇಸಲ್ಲಿ ಜಾಗ ಇರ್ಲಿಲ್ಲ, ಹಾಕ್ಕೊಂಡೇ ಹೊರಟೆ. ಉತ್ತರದಲ್ಲಿ, ನಮ್ಮೂರು ತ್ರೆಂತೊ ಕಡೆ ಆಗ್ಲೇ ಹಿಮ ಬಿದ್ದಿದೆಯಂತೆ" ಎಂದ. "ಬಂದರಿನ ಕೆಲಸ ಮುಗೀತು. ಮೂರೂವರೆಗೆ ಬಸ್ಸು. ನನ್ನ ಶರ್ಟುಗಳನ್ನ ಕೊಟ್ಬಿಡು."

ಹೋಗಿಬಿಡುತ್ತಾನೆ... ಈ ಸಲ ನಿಜವಾಗಿಯೂ!

"ತಗೊಳ್ಳಿ ಸ್ವಾಮಿ. ಹೇಳದೆ ಕೇಳದೆ ದೂರ ಆಗೋದು ನಿಮಗೆ ಅಭ್ಯಾಸ ಅಲ್ವಾ?"

"ನಾನಾ? ಉತ್ತರ ಕೊಡದೇ ಇದ್ದವಳು ನೀನು! ಏಪ್ರಿಲಲ್ಲಿ ನಿನ್ನ ಕೆಂಪು ಕೋಟಿನ ಜೇಬಲ್ಲಿ ಚೀಟಿ ಇಟ್ಟಿದ್ದೆ. ಮದುವೆಗೆ ಒಪ್ಪಿಗೆ ಇದ್ರೆ ನಾಳೆ ಇದೇ ಕೋಟು ಹಾಕ್ಕೊಂಡು ಬಾ, ಇಲ್ದಿದ್ರೆ ಏನೂ ಹೇಳಬೇಡ ಅಂತ. ಮರುದಿನ ನೀನು ಹೂವಿನ ಫ್ರಾಕಲ್ಲಿ ಬಂದೆ!"

ಒರ್ನೆಲ್ಲಾಗೆ ಈಗ ಅರ್ಥವಾಯಿತು. ದಿನವೆಲ್ಲ ಊರವರ ಜೇಬು ತಡಕಿ ಬಟ್ಟೆ ಒಗೆಯುವವಳು ತನ್ನದೇ ಜೇಬಿಗೆ ಕೈ ಹಾಕಿರಲಿಲ್ಲ. ಆ ಸಂಜೆಯೇ ಅಮ್ಮ ಚಳಿಗಾಲದ ಬಟ್ಟೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಜಡಿದಿದ್ದಳು!

"ಇಲ್ಲೇ ಇರು. ಅಲ್ಲಾಡಬೇಡ!"

ಅಂಗಡಿಯ ಮೇಲೆಯೇ ಮನೆ; ಮೆಟ್ಟಿಲು ಹತ್ತಿ ಓಡಿದಳು. ಮುಚ್ಚಿದ ಕಿಟಕಿಗಳ ಹಿಂದೆ ಉಸಿರುಗಟ್ಟುವ ಕತ್ತಲು. ಅಮ್ಮ ನುಂಜಿಯಾ ಬೀಸಣಿಗೆ ಆಡಿಸುತ್ತ ಕೂತಿದ್ದಳು.

ಮೇ ತಿಂಗಳವರೆಗೆ ಒಳಬನಿಯನ್ ಬಿಚ್ಚಬಾರದು, ಒದ್ದೆ ಕೂದಲಲ್ಲಿ ಹೊಸ್ತಿಲು ದಾಟಬಾರದು... ಇಪ್ಪತ್ತೊಂಬತ್ತು ತುಂಬಿದರೂ ಒರ್ನೆಲ್ಲಾ ಏನು ತೊಡಬೇಕೆಂಬುದು ಅಮ್ಮನದೇ ತೀರ್ಮಾನ. ಅಪ್ಪ ಸತ್ತ ಮೇಲಂತೂ ತಾನೂ ಆ ಪೆಟ್ಟಿಗೆಯೊಳಗೇ ಇದ್ದೇನೆ ಅನ್ನಿಸುತ್ತಿತ್ತು ಅವಳಿಗೆ.

"ಅಮ್ಮಾ, ಪೆಟ್ಟಿಗೆ ಕೀಲಿ ಕೊಡು."

"ಹುಚ್ಚಾ ನಿನಗೆ? ನವೆಂಬರಲ್ಲಿ ಸತ್ತವರ ಹಬ್ಬ ಬರೋ ಮುಂಚೆ ಯಾರಾದ್ರೂ ಪೆಟ್ಟಿಗೆ ತೆಗೀತಾರಾ? ಅದೂ ಈ ಧೂಳಲ್ಲಿ!"

"ಪ್ರತಿ ವರ್ಷ ಮೇ ಬಂದ ಮೇಲೆ ಮುಚ್ಚಿಡ್ತಿದ್ದೆ. ಈ ವರ್ಷ ಯಾಕಮ್ಮ ಏಪ್ರಿಲಲ್ಲೇ?"

ಬೀಸಣಿಗೆ ನಿಂತಿತು.

"ಕೋಟು ಕೊಡವೋಕೆ ಜೇಬು ಖಾಲಿ ಮಾಡುವಾಗ ಆ ಚೀಟಿ ಸಿಕ್ತು..." ಅಮ್ಮನ ಧ್ವನಿ ಕುಗ್ಗಿತು. "ಹರಿಯೋಕೆ ಮನಸ್ಸು ಬರ್ಲಿಲ್ಲ ಕಣೇ. ಕೊಡೋಕೆ ಧೈರ್ಯ ಬರ್ಲಿಲ್ಲ. ವಾಪಸ್ ಅಲ್ಲೇ ಇಟ್ಟು ಬೀಗ ಹಾಕಿದೆ. ಆ ಹಿಮದ ಊರಿಗೆ ನಿನ್ನ ಕರ್ಕೊಂಡು ಹೋಗಿಬಿಡ್ತಾನೆ ಅಂತ..."

"ಆರು ತಿಂಗಳು ನಾನು ಅತ್ತಿದ್ದು ನಿನಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು... ದಿನಾ ಕೇಳಿಸ್ತು."

ಕೊರಳಲ್ಲಿದ್ದ ಕೀಲಿಯನ್ನು ಅಮ್ಮನೇ ಬಿಚ್ಚಿದಳು. ಪೆಟ್ಟಿಗೆ ತೆರೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಕೆಂಪು ಕೋಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿ ಹಾಗೇ ಇತ್ತು.

ಒರ್ನೆಲ್ಲಾ ಕೋಟು ತೊಟ್ಟಳು. ಕೋಪ ಇನ್ನೂ ಆರಿರಲಿಲ್ಲ. ಆದರೂ ಅಮ್ಮ ಕುತ್ತಿಗೆಯವರೆಗೆ ಗುಂಡಿ ಹಾಕುವಾಗ ಬೇಡವೆನ್ನಲಿಲ್ಲ.

ಬೀದಿಗೆ ಇಳಿದದ್ದೇ ತಡ, ಎದುರಿನ ಕಾಫಿ ಅಂಗಡಿಯವನು ಕೂಗಿದ, "ಏನ್ ಒರ್ನೆಲ್ಲಾ, ನಿಮ್ಮನೇಲಿ ಹಿಮ ಬಿತ್ತಾ?"

ಲಾಂಡ್ರಿಯ ಬಾಗಿಲಲ್ಲಿದ್ದ ತುಲ್ಲಿಯೊ ಅವಳನ್ನು ನೋಡಿದ. ಕೈಯಿಂದ ಶರ್ಟುಗಳು ಜಾರಿ ಬಿದ್ದವು.

"ಹಾಕ್ಕೊಂಡು ಬಂದಿದೀನಿ" ಎಂದಳು ಏದುಸಿರಿನಲ್ಲಿ. "ಸ್ವಲ್ಪ ತಡವಾಯ್ತು..."

ಅವನ ಕಣ್ಣು ತುಂಬಿ ಬಂತು. ಬೀದಿಯ ತುದಿಯಲ್ಲಿ ಬಸ್ಸು ನಿಂತು, ಕಾದು, ಹೊರಟೇಹೋಯಿತು.

"ಬಸ್ಸು ಹೋಯ್ತು ಕಣೋ!"

"ಹೋಗ್ಲಿ ಬಿಡು. ಎಷ್ಟು ಬೆವರ್ತಿದೀಯ... ಬಿಚ್ಚು ಆ ಕೋಟು."

"ಬೇಡ. ಇನ್ನೊಂದು ನಿಮಿಷ ಇರ್ಲಿ... ನೀನು ಸರಿಯಾಗಿ ನೋಡ್ಕೋ."