ಪೂವಮ್ಮನ ನಗದ ಮುಖ

"ಇದು ಸಾರಾ, ಅಲ್ಲ ಕೈ ತೊಳೆದ ನೀರಾ?" ಅತ್ತೆ ಪೂವಮ್ಮ ಬಟ್ಟಲು ತಳ್ಳಿದರು. "ಒಂದು ಘಮ ಇಲ್ಲ, ಎಂತ ಇಲ್ಲ!"

ಬೆಳ್ಳುಳ್ಳಿ ಒಗ್ಗರಣೆಯ ಘಮಕ್ಕೆ ಐವರ್ನಾಡಿನ ಅರ್ಧದಷ್ಟು ಬೆಕ್ಕುಗಳು ಆಗಲೇ ಹಿತ್ತಿಲಿಗೆ ಬಂದು ಸಾಲಾಗಿ ಕೂತಿದ್ದವು. ದೂರದ ಸಂಪಾಜೆಯಿಂದ ಹೊರಟವು ಇನ್ನೂ ದಾರಿಯಲ್ಲಿದ್ದವು. ಭವಿತಾಳ ಕಣ್ಣು ತುಂಬಿತು. ಸೊಸೆಯಾಗಿ ಬಂದ ದಿನದಿಂದ ಈ ಮುಖ ತನ್ನನ್ನು ನೋಡಿ ಒಮ್ಮೆಯಾದರೂ ನಕ್ಕಿದ್ದುಂಟೇ...! ಬೈಯುವಾಗಲೂ ಅದರಲ್ಲಿ ಒಂದು ಗೆರೆ ಅಲುಗದು. ಕಲ್ಲಾದರೂ ಪಾಚಿ ಕಟ್ಟಿ ಬಣ್ಣ ಬದಲಿಸುತ್ತದೆ!

"ನಾವು ಸುಳ್ಯದಲ್ಲಿ ಬಾಡಿಗೆ ಮನೆ ಮಾಡುವ," ಎಂದಳು ಗಂಡ ಉದಯನಿಗೆ. "ನನಗೆ ಸಾಕಾಯ್ತು."

"ಅಮ್ಮನನ್ನು ಬಿಟ್ಟಾ?"

"ನನ್ನ ಮೋರೆ ಕಾಣದಿದ್ರೆ ಅವರು ನಗಬಹುದು."

ಉದಯ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದ. "ಆಯ್ತು ಮಾರಾಯ್ತಿ... ಭಾನುವಾರ ಮನೆ ನೋಡ್ಲಿಕ್ಕೆ ಹೋಗುವ."

ಭವಿತಾ ಸುಳ್ಯದಲ್ಲಿ ನರ್ಸಿಂಗ್ ಪಾಠ ಮಾಡುವವಳು. ಯಾವ ಕಾಯಿಲೆ ಯಾವ ಗುರುತು ಹೊತ್ತು ಬರುತ್ತದೆ ಎಂಬುದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಮರುದಿನದ ಪಾಠ, ಪಾರ್ಕಿನ್ಸನ್ ಕಾಯಿಲೆ.

"ಮುಖವಾಡದಂಥ ಮುಖ. ಪುಟ್ಟ ಪುಟ್ಟ ಹೆಜ್ಜೆ. ಸುಮ್ಮನೆ ಕೂತಾಗ ಹೆಬ್ಬೆರಳು, ತೋರುಬೆರಳು ಗುಳಿಗೆ ಉರುಳಿಸುವವರ ಹಾಗೆ ಆಡ್ತವೆ. ಕೆಲಸಕ್ಕೆ ತೊಡಗಿದ್ರೆ ನಿಲ್ತವೆ. ಎಷ್ಟೋ ಜನಕ್ಕೆ ಅದಕ್ಕೂ ಮೊದಲೇ ವಾಸನೆ ತಿಳಿಯುದು ನಿಂತಿರ್ತದೆ..."

ಭವಿತಾ ಪುಸ್ತಕ ಮುಚ್ಚಿದಳು.

"ಮತ್ತೆ ಎಂತ ಮೇಡಂ?" ಎಂದಳು ಎದುರು ಬೆಂಚಿನ ಅಪೇಕ್ಷಾ.

"ಮತ್ತೆ... ನಾನು ಮನೆಗೆ ಹೋಗ್ಬೇಕು."

ಪೂವಮ್ಮ ಜಗಲಿಯಲ್ಲಿದ್ದರು. ಮಡಿಲಲ್ಲಿ ಬಲಗೈ ಬೆರಳುಗಳು ಇಲ್ಲದ ಬೀಡಿಯನ್ನು ಸುರುಟುತ್ತಿದ್ದವು. ಅದು ಊರಿಗೇ ಗೊತ್ತು. ಒಂದು ಕಾಲದಲ್ಲಿ ಪೂವಮ್ಮ ಬೀಡಿ ಕಟ್ಟುವ ರಭಸದ ಗಾಳಿಗೆ ಎದುರು ಕೂತವರಿಗೆ ಶೀತವಾಗುತ್ತಿತ್ತು. ಅಂಥ ಕೈ ಸುಮ್ಮನಿರುವುದುಂಟೇ ಎಂದು ಎಲ್ಲರೂ ಹೆಮ್ಮೆಯಿಂದಲೇ ನೋಡುತ್ತಿದ್ದರು. ಭವಿತಾಳೂ ದಿನಾ ನೋಡಿದ್ದಳು!

ನೆರೆಮನೆಯ ಪಾತುವಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಮುಂದಿಟ್ಟಳು. "ಅತ್ತೆ, ಒಂದು ಕಟ್ಟಿ ತೋರಿಸಿ."

ಎಲೆ ಮುಟ್ಟಿದ್ದೇ ಬೆರಳುಗಳ ಆಟ ನಿಂತಿತು. ನಿಧಾನಕ್ಕೆ ಒಂದು ಬೀಡಿ ಆಯಿತು. ಕೈ ಮಡಿಲಿಗೆ ಬಿತ್ತು... ಮತ್ತೆ ಸುರುಟತೊಡಗಿತು.

"ಅಯ್ಯೋ ಅತ್ತೆ...!" ಭವಿತಾ ಆ ಕೈ ಹಿಡಿದು ಬಿಕ್ಕಿದಳು. "ನಿಮಗೆ ನಗ್ಲಿಕ್ಕೆ ಆಗುದಿಲ್ವಾ?"

"ನಗ್ತಾ ಇದ್ದೇನಲ್ಲ ಮಾರಾಯ್ತಿ," ಎಂದರು ಪೂವಮ್ಮ, ಅದೇ ಕಲ್ಲಿನ ಮುಖದಲ್ಲಿ. "ನೀನು ಬಂದ ದಿನದಿಂದ ನಗ್ತಾ ಇದ್ದೇನೆ. ನೀನೇ ತಿರುಗಿ ನಗುದಿಲ್ಲ!"

ಬಾಡಿಗೆ ಮನೆಯ ಮಾತು ಮತ್ತೆ ಬರಲಿಲ್ಲ. ಕಾಯಿಲೆ ಅದೇ ಎಂದರು ಡಾಕ್ಟರು. ಮದ್ದಿಗೆ ಹೆಜ್ಜೆ ಸ್ವಲ್ಪ ಹಗುರಾಯಿತು. ತುಟಿಯಂಚಿಗೆ ಇಷ್ಟೇ ಇಷ್ಟು ನಗು ಹತ್ತಿತು. ಘಮ ಮಾತ್ರ ಮರಳುವುದು ಕಷ್ಟ ಎಂದು ಭವಿತಾಳಿಗೆ ಗೊತ್ತಿತ್ತು. ಅದನ್ನು ಅತ್ತೆಗೆ ಹೇಳಲಿಲ್ಲ.

"ಇಷ್ಟು ಮದ್ದು ತಿಂದ್ರೂ ನಿನ್ನ ಸಾರಿಗೆ ಘಮ ಬರ್ಲಿಲ್ಲ ನೋಡು."

"ಹೌದತ್ತೆ, ನನ್ನ ಕೈಯೇ ಸರಿ ಇಲ್ಲ," ಎಂದು ಭವಿತಾ ನಕ್ಕು ಇನ್ನೊಂದು ಸೌಟು ಬಡಿಸಿದಳು.

ಹಿತ್ತಿಲಲ್ಲಿ ಸಂಪಾಜೆಯ ಬೆಕ್ಕುಗಳು ಆಗಷ್ಟೇ ಬಂದು ತಲುಪಿದ್ದವು.